ಗಾಳಿಯಕ್ಕನ ಕೈ ಮೆತ್ತಗಾದದ್ದು

ಆ ಬೀದಿಯವರು ಒಂದು ಮಾತು ಹೇಳುತ್ತಿದ್ದರು: "ಗಾಳಿಯಕ್ಕನ ಜೊತೆ ಬೇಕಾದರೆ ಜಗಳ ಆಡಿ, ಕೈ ಮಾತ್ರ ಕುಲುಕಬೇಡಿ." ಕುಲುಕಿದವರು ಆಮೇಲೆ ಬೆರಳು ಎಣಿಸಿಕೊಳ್ಳಬೇಕಾಗುತ್ತಿತ್ತಂತೆ. ಎದುರಂಗಡಿಯ ದರ್ಜಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಆಕೆ ಒದ್ದೆ ಬಟ್ಟೆ ಹಿಂಡಿದ್ರೆ ನೀರಿನ ಜೊತೆ ಬಣ್ಣಾನೂ ಬಂದ್ಬಿಡುತ್ತೆ" ಎನ್ನುತ್ತಿದ್ದ. ಹೊಟ್ಟೆಕಿಚ್ಚಿನವರೂ ಇದ್ದರು. ಅವರ ಮಾತೇ ಬೇರೆ: "ಪುಣ್ಯವಂತೆ ಕಣ್ರೀ! ಬಿಟ್ಟಿ ಸಿಗೋ ಗಾಳೀನ ತುಂಬಿಕೊಟ್ಟು ಹೊಟ್ಟೆ ಹೊರೀತಾಳೆ."

ಗಾಳಿಯಕ್ಕನದು ಪಂಕ್ಚರ್ ಅಂಗಡಿ. ಅಂಗಡಿಯ ಹಿಂದೆಯೇ ಮನೆ, ಒಂದು ಕೋಣೆ, ಒಂದು ಅಡುಗೆಮನೆ. ನಡುವೆ ಗೋಡೆಯಿದ್ದರೂ ರಬ್ಬರಿನ ವಾಸನೆಗೆ ಗೋಡೆಯ ಲೆಕ್ಕವೇನು? ಅನ್ನಕ್ಕೂ ಅದೇ ವಾಸನೆ, ಹಾಸಿಗೆಗೂ ಅದೇ ವಾಸನೆ. ಮನೆಯಲ್ಲಿ ಇದ್ದದ್ದು ಮೂರು ಜೀವ: ಗಾಳಿಯಕ್ಕ, ಅವಳ ಅತ್ತೆ, ಮತ್ತು ಗಾಳಿ ತುಂಬುವ ಹಳೆಯ ಕಂಪ್ರೆಸರ್. ಮೂವರಲ್ಲಿ ಹೆಚ್ಚು ಸದ್ದು ಯಾರದು ಎನ್ನುವ ವಿಷಯದಲ್ಲಿ ಬೀದಿಯವರಲ್ಲಿ ಒಮ್ಮತವಿರಲಿಲ್ಲ. ಅತ್ತೆಯ ಕಡೆಗೆ ಓಟು ಸ್ವಲ್ಪ ಜಾಸ್ತಿ ಬೀಳುತ್ತಿತ್ತು.

ಅಂಗಡಿ ಮೊದಲು ಗಂಡನದಾಗಿತ್ತು. ಒಳ್ಳೆಯ ಮನುಷ್ಯ, ಮಿತಭಾಷಿ. ಇಬ್ಬರು ಹೆಂಗಸರ ನಡುವೆ ಮಾತಾಡಲು ಜಾಗವೇ ಸಿಗದೆ ಹಾಗಾಗಿರಬೇಕು. ಮಕ್ಕಳಾಗಲಿಲ್ಲ. ಒಂದು ಜ್ವರ ಬಂದು ಅವನನ್ನು ಕರೆದುಕೊಂಡು ಹೋಯಿತು. ಹೋಗುವ ಮೊದಲು ಹೆಂಡತಿಗೆ ಕಸುಬೆಲ್ಲವನ್ನೂ ಕಲಿಸಿಬಿಟ್ಟಿದ್ದ. ಟಯರನ್ನು ರಿಮ್ಮಿನಿಂದ ಬಿಡಿಸುವುದು, ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಅದ್ದಿ ಗುಳ್ಳೆ ಹುಡುಕುವುದು, ತೂತಿನ ಸುತ್ತ ಉಜ್ಜಿ ಪ್ಯಾಚು ಹಚ್ಚುವುದು. ನೀರಿಗೂ ಸಿಗದಷ್ಟು ಸಣ್ಣ ತೂತಾದರೆ ಟ್ಯೂಬನ್ನು ಕೆನ್ನೆಯ ಹತ್ತಿರ ಹಿಡಿಯಬೇಕು. ಕಣ್ಣಿಗೆ ಕಾಣದ್ದು, ಕಿವಿಗೆ ಕೇಳದ್ದು ಕೆನ್ನೆಗೆ ತಣ್ಣಗೆ ತಾಗುತ್ತದೆ. ಕೊನೆಯದಾಗಿ, ಗಾಳಿ ತುಂಬಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಕಲ್ಲಿನಂತೆ ಗಟ್ಟಿಯಾಗಿದ್ದರೆ ಕೆಲಸ ಮುಗಿಯಿತು, ಇಲ್ಲದಿದ್ದರೆ ಇನ್ನಷ್ಟು ತುಂಬು. ಗಾಳಿಯಕ್ಕನ ಹೆಬ್ಬೆರಳು ಹದಿನೈದು ವರ್ಷ ಈ ಒಂದೇ ನ್ಯಾಯವನ್ನು ಹೇಳುತ್ತಾ ಬಂದಿತ್ತು: ಗಟ್ಟಿಯಾಗಲಿ, ಇನ್ನೂ ಗಟ್ಟಿಯಾಗಲಿ.

ಕಾಲ ಒಂದೇ ಥರ ಇರುವುದಿಲ್ಲವಲ್ಲ. ಮುಖ್ಯರಸ್ತೆಯ ಪೆಟ್ರೋಲ್ ಬಂಕಿನಲ್ಲಿ ತಾನೇ ಗಾಳಿ ತುಂಬುವ ಯಂತ್ರ ಬಂತು. ಟ್ಯೂಬೇ ಇಲ್ಲದ ಟಯರುಗಳು ಬಂದವು. ಬಾಂಡ್ಲಿಯ ನೀರು ದಿನಗಟ್ಟಲೆ ಕದಡದೆ ನಿಂತು, ಮೇಲೆ ಧೂಳಿನ ಕೆನೆ ಕಟ್ಟತೊಡಗಿತು.

ಅಂಥದೊಂದು ಖಾಲಿ ಬೆಳಿಗ್ಗೆ ಅಂಗಡಿಯ ಮುಂದೆ ಒಂದು ಆಂಬುಲೆನ್ಸ್ ಕುಂಟುತ್ತಾ ಬಂದು ನಿಂತಿತು. ಮುಂದಿನ ಚಕ್ರ ನೆಲ ಕಚ್ಚಿತ್ತು. ಡ್ರೈವರ್ ಜ್ಯಾಕ್ ಹುಡುಕುವಷ್ಟರಲ್ಲಿ ಗಾಳಿಯಕ್ಕ ತನ್ನದೇ ಜ್ಯಾಕ್ ಇಟ್ಟು, ಚಕ್ರ ಬಿಚ್ಚಿ, ಎತ್ತಿ ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋಗುತ್ತಿದ್ದಳು. ಡ್ರೈವರ್ ಬಾಯಿ ತೆರೆದುಕೊಂಡು ನೋಡಿದ.

"ಅಕ್ಕಾ, ನಮ್ಮಲ್ಲಿ ಸ್ಟ್ರೆಚರ್ ಎತ್ತೋಕೆ ಇಬ್ಬರು ಬೇಕು. ನಿಮ್ಮನ್ನ ನೋಡಿದ್ರೆ ಒಬ್ಬರೇ ಸಾಕು ಅನ್ಸುತ್ತೆ."

"ಒಂದು ಸ್ಟ್ರೆಚರ್ ತಂದು ಕೊಡಪ್ಪಾ, ಎತ್ತಿ ತೋರಿಸ್ತೀನಿ."

"ತಮಾಷೆ ಅಲ್ಲಕ್ಕಾ. ಹೊಸ ತಂಡಕ್ಕೆ ತರಬೇತಿ ಶುರುವಾಗ್ತಿದೆ. ಹತ್ತನೇ ತರಗತಿ ಪಾಸಾಗಿದ್ರೆ ಸಾಕು. ಆಗಿದೀರಾ?"

"ಆಗಿದೀನಿ. ಯಾರೂ ಕೇಳಿರ್ಲಿಲ್ಲ ಅಷ್ಟೇ."

ಆ ದಿನ ಸಂಜೆ ಅತ್ತೆಗೆ ವಿಷಯ ಹೇಳಿದಳು. ಮುದುಕಿ ಮಂಚದ ಮೇಲೆ ಕಾಲು ಚಾಚಿಕೊಂಡು ಕೂತಿದ್ದವಳು ಕಾಲು ಮಡಚಿಕೊಂಡಳು. ಅದು ಗಂಭೀರವಾದ ಮಾತಿಗೆ ಮುನ್ಸೂಚನೆ.

"ಜನರ ಜೀವ ಉಳಿಸೋ ಕೆಲಸ ನಿನಗಾ? ನೋಡೇ, ನೀನು ನನ್ನ ಕಾಲು ಒತ್ತಿದ ದಿನ ನಾನು ಎದ್ದು ಓಡಾಡಿದ್ದುಂಟಾ? ಎರಡು ದಿನ ಮಲಗಿದ್ದೆ."

"ಅತ್ತೇ, ಕಲೀತೀನಿ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ. ಆಯ್ತು, ಹೋಗು. ಅಂಗಡೀಲಿ ನೊಣ ಹೊಡೆಯೋಕಿಂತ ವಾಸಿ. ಆದ್ರೆ ಹೋದ ಮೇಲೆ ಸೋತು ಬಂದು ನನ್ನ ಮುಂದೆ ಮೂಗು ಸೊರ್ ಅನ್ನಿಸಬೇಡ."

ತರಬೇತಿ ಕೇಂದ್ರ ಒಂದು ಉದ್ದನೆಯ ಹಾಲ್. ನೆಲದ ಮೇಲೆ ನೀಲಿ ಚಾಪೆ, ಚಾಪೆಯ ಮೇಲೆ ಕಾಲಿಲ್ಲದ, ಕೈಯಿಲ್ಲದ, ತಲೆ ಮತ್ತು ಎದೆ ಹೊಟ್ಟೆ ಮಾತ್ರ ಇರುವ ರಬ್ಬರಿನ ಅರ್ಧ ಗೊಂಬೆಗಳು. ಒಳಗೆ ಕಾಲಿಟ್ಟ ಕೂಡಲೇ ಗಾಳಿಯಕ್ಕನಿಗೆ ತವರಿಗೆ ಬಂದಂತಾಯಿತು: ಅದೇ ರಬ್ಬರಿನ ವಾಸನೆ! ಸುತ್ತ ಕೂತ ಕಲಿಯುವವರೆಲ್ಲ ಅವಳಿಗಿಂತ ಸಣ್ಣವರು. ಪಾಠ ಹೇಳುವವಳು ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು. ಕೈಗಡಿಯಾರವನ್ನು ಮಣಿಕಟ್ಟಿನ ಒಳಗಡೆಗೆ ತಿರುಗಿಸಿ ಕಟ್ಟಿಕೊಂಡು, ಮಾತಿಗೊಮ್ಮೆ ಅದನ್ನೇ ನೋಡುತ್ತಿದ್ದಳಾದ್ದರಿಂದ ಎಲ್ಲರೂ ಅವಳನ್ನು ಗಡಿಯಾರ ಸಿಸ್ಟರ್ ಎನ್ನುತ್ತಿದ್ದರು. ಬೆನ್ನ ಹಿಂದೆ, ಅದೂ ಮೆಲ್ಲಗೆ.

"ಬಿದ್ದಿರೋ ಮನುಷ್ಯನ ಹತ್ತಿರ ಹೋದಾಗ ನಿಮ್ಮ ತಲೇಲಿ ಸಾವಿರ ಯೋಚನೆ ಬರುತ್ತೆ" ಎಂದಳು ಸಿಸ್ಟರ್ ಮೊದಲ ದಿನ. "ಅವನ್ನೆಲ್ಲ ಬಾಗಿಲ ಹೊರಗೆ ಬಿಡಿ. ಮೊದಲು ದಾರಿ ನೋಡಿ, ಅಂದ್ರೆ ಬಾಯಿ, ಮೂಗು, ಗಂಟಲು. ದಾರಿ ತೆರೆದಿದ್ರೆ ಉಸಿರು ನೋಡಿ. ಆಮೇಲೆ ರಕ್ತ ಓಡ್ತಿದೆಯಾ, ಎಲ್ಲಾದ್ರೂ ಸೋರ್ತಿದೆಯಾ ನೋಡಿ. ಗಾಳಿ ಇಲ್ಲದೆ ರಕ್ತ ಓಡಿದ್ರೆ ಏನು ಬಂತು? ಜನಾನೇ ಹತ್ತದ ಬಸ್ಸು ಊರೆಲ್ಲಾ ಸುತ್ತಿದ ಹಾಗೆ."

ದಾರಿಯ ಪಾಠದಲ್ಲಿ ಗಾಳಿಯಕ್ಕ ಎಲ್ಲರಿಗಿಂತ ಮುಂದೆ. ಎಚ್ಚರ ತಪ್ಪಿದವನ ನಾಲಿಗೆ ಸಡಿಲವಾಗಿ ಹಿಂದಕ್ಕೆ ಬಿದ್ದು ಗಂಟಲನ್ನು ಮುಚ್ಚುತ್ತದೆ. ಹಣೆಯ ಮೇಲೆ ಒಂದು ಕೈ, ಗದ್ದದ ಮೂಳೆಯ ಕೆಳಗೆ ಎರಡು ಬೆರಳು ಇಟ್ಟು ತಲೆಯನ್ನು ಹಿಂದಕ್ಕೆ ಬಾಗಿಸಿದರೆ ನಾಲಿಗೆ ಎದ್ದು ದಾರಿ ಬಿಡುತ್ತದೆ. ಕುತ್ತಿಗೆಗೆ ಪೆಟ್ಟು ಬಿದ್ದಿರಬಹುದು ಅನ್ನಿಸಿದರೆ ತಲೆ ಬಾಗಿಸದೆ ದವಡೆಯನ್ನಷ್ಟೇ ಮುಂದಕ್ಕೆ ತಳ್ಳಬೇಕು. ಇದೆಲ್ಲ ಅವಳಿಗೆ ವಾಲ್ವ್ ಸರಿಪಡಿಸಿದಷ್ಟು ಸಲೀಸು. ಉಸಿರು ನೋಡುವ ಪಾಠದಲ್ಲಂತೂ ಸಿಸ್ಟರಿಗೇ ಆಶ್ಚರ್ಯ. ಎದೆಯ ಕಡೆ ಕಣ್ಣು, ಬಾಯಿಯ ಹತ್ತಿರ ಕಿವಿ ಮತ್ತು ಕೆನ್ನೆ ಎಂದು ಹೇಳಿಕೊಡುವ ಮೊದಲೇ ಈಕೆ ಕೆನ್ನೆ ಬಗ್ಗಿಸಿ ಕೂತಿದ್ದಳು.

"ಎಲ್ಲಿ ಕಲಿತೆಯಮ್ಮಾ ಇದನ್ನ?"

"ಟ್ಯೂಬಿನ ಹತ್ರ, ಸಿಸ್ಟರ್."

ಇಲ್ಲಿಯವರೆಗೆ ಕಥೆ ಜಾರುಬಂಡೆಯ ಮೇಲೆ ಕೂತ ಹಾಗೆ ಸಾಗಿತು. ಆಮೇಲೆ ಬಂತು ಗಾಳಿಚೀಲದ ಪಾಠ.

ಉಸಿರು ನಿಂತವನಿಗೆ ಹೊರಗಿನಿಂದ ಉಸಿರು ಕೊಡುವ ಸಾಧನ ಅದು. ಒಂದು ಕಡೆ ಮುಖಕ್ಕೆ ಒತ್ತಿ ಹಿಡಿಯುವ ಮಾಸ್ಕು, ಇನ್ನೊಂದು ಕಡೆ ಕುಂಬಳಕಾಯಿಯಂಥ ಚೀಲ. ಎಡಗೈಯಿಂದ ಮಾಸ್ಕನ್ನು ಸೋರದಂತೆ ಹಿಡಿದು, ಗದ್ದವನ್ನು ಮಾಸ್ಕಿನ ಕಡೆಗೆ ಎತ್ತಿ, ಬಲಗೈಯಿಂದ ಚೀಲ ಒತ್ತಬೇಕು. ಗಾಳಿಯಕ್ಕ ಒತ್ತಿದಳು. ಹದಿನೈದು ವರ್ಷದ ಅಭ್ಯಾಸದ ಕೈ, ಚೀಲ ಹಪ್ಪಳದಂತೆ ಚಪ್ಪಟೆಯಾಯಿತು. ಗೊಂಬೆಯ ಎದೆ ಗುಡ್ಡದಂತೆ ಎದ್ದಿತು, ಹೊಟ್ಟೆಯೂ ಉಬ್ಬಿತು. ಅದು ಇಳಿಯುವ ಮೊದಲೇ ಮತ್ತೊಮ್ಮೆ ಒತ್ತಿದಳು. ಗೊಂಬೆಯ ಪಕ್ಕದ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿ ಕುಯ್ಯೋ ಎಂದಿತು.

"ನಿಲ್ಲಿಸು, ನಿಲ್ಲಿಸು!" ಎಂದಳು ಸಿಸ್ಟರ್. "ಲಾರಿ ಹೊರಡಿಸ್ತಿದೀಯಾ? ಇಷ್ಟು ಜೋರಾಗಿ ತುಂಬಿದ್ರೆ ಗಾಳಿ ಶ್ವಾಸಕೋಶ ಬಿಟ್ಟು ಹೊಟ್ಟೆಗೆ ನುಗ್ಗುತ್ತೆ. ಹೊಟ್ಟೆ ಉಬ್ಬಿದ್ರೆ ತಿಂದಿದ್ದೆಲ್ಲ ವಾಪಸ್ ಗಂಟಲಿಗೆ ಬರುತ್ತೆ. ನೀನೇ ತೆರೆದ ದಾರೀನ ನೀನೇ ಮುಚ್ಚಿದ ಹಾಗೆ. ಎದೆ ತುಂಬಾ ಬಿಗಿದ್ರೆ ಹೃದಯಕ್ಕೆ ರಕ್ತ ವಾಪಸ್ ಬರೋಕೂ ಜಾಗ ಸಾಲಲ್ಲ. ಎದೆ ಚೂರು ಎದ್ದರೆ ಸಾಕು. ಒತ್ತು, ಬಿಡು, ಕಾದು ನೋಡು. ಇಳೀಲಿ. ಆಮೇಲೆ ಇನ್ನೊಂದು."

ತಲೆಗೆ ಅರ್ಥವಾಯಿತು, ಕೈಗೆ ಆಗಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ತಲೆ 'ಮೆಲ್ಲಗೆ' ಎನ್ನುವುದು, ಹೆಬ್ಬೆರಳು 'ಇನ್ನೂ ಮೆತ್ತಗಿದೆ, ತುಂಬು' ಎನ್ನುವುದು. ಮೊದಲ ಪರೀಕ್ಷೆಯಲ್ಲಿ ಕೆಂಪು ದೀಪ. ಎರಡನೆಯದರಲ್ಲೂ ಕೆಂಪು ದೀಪ. ಮೂರನೆಯದರಲ್ಲಿ ಹತ್ತಿದರೆ ಮನೆಗೆ, ಅದು ಅಲ್ಲಿಯ ನಿಯಮ. ಅಂಗಡಿಯ ಬಾಗಿಲನ್ನೋ ಆಗಲೇ ಮುಚ್ಚಿ ಆಗಿತ್ತು.

ಎರಡನೆಯ ಪರೀಕ್ಷೆ ಮುಗಿದ ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ಮಂಚದ ಮೇಲೆ ನಿದ್ದೆ ಹೋಗಿದ್ದಳು. ಗಾಳಿಯಕ್ಕ ಸದ್ದು ಮಾಡದೆ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಳು. ಮುದುಕಿಯ ಮೇಲೆ ಒಂದು ತೆಳ್ಳನೆಯ ಹೊದಿಕೆ. ಅದು ಏಳುತ್ತಿದೆಯೋ ಇಲ್ಲವೋ ಎನ್ನುವಷ್ಟು ಏಳುತ್ತಿತ್ತು. ಇಳಿಯುತ್ತಿತ್ತು. ಆಮೇಲೆ ಒಂದು ಬಿಡುವು. ಎಷ್ಟು ದೊಡ್ಡ ಬಿಡುವು ಅದು! ಇಡೀ ಬೀದಿಗೆ ಕೇಳುವಂತೆ ಕೂಗುವ ಹೆಂಗಸು, ಅವಳು ಬದುಕಿರಲು ಬೇಕಾದದ್ದು ಇಷ್ಟೇ ಇಷ್ಟು ಗಾಳಿ. ಗಾಳಿಯಕ್ಕ ಇನ್ನೂ ಬಗ್ಗಿದಳು. ಕೆನ್ನೆಯನ್ನು ಅತ್ತೆಯ ಮೂಗಿನ ಹತ್ತಿರ ತಂದಳು.

ಮುದುಕಿ ಒಂದು ಕಣ್ಣು ಬಿಟ್ಟಳು.

"ಏನೇ? ಇದೀನೋ ಹೋದೆನೋ ಅಂತ ನೋಡ್ತಿದೀಯಾ?"

"ಇಲ್ಲ ಅತ್ತೇ, ಉಸಿರು ನೋಡ್ತಿದೀನಿ."

"ಅದನ್ನೇ ನಾನೂ ಕೇಳಿದ್ದು! ಇಷ್ಟು ಆತುರ ಇದ್ರೆ ಹೇಳ್ಬಿಡು, ನಾನೇ ಒಂದು ದಿನ ಗೊತ್ತು ಮಾಡ್ಕೋತೀನಿ."

"ಅಯ್ಯೋ, ಸುಮ್ನಿರಿ. ನೀವು ಇನ್ನೂ ನೂರು ವರ್ಷ ನನ್ನ ಬಯ್ಕೊಂಡು ಇರ್ಬೇಕು" ಎಂದು ಗಾಳಿಯಕ್ಕ ನಕ್ಕಳು. ನಗು ಅರ್ಧಕ್ಕೆ ಬಂದು ಅಳುವಾಯಿತು. ಎಲ್ಲವನ್ನೂ ಹೇಳಿದಳು: ಚೀಲ, ಕೆಂಪು ದೀಪ, ಉಳಿದಿರುವ ಒಂದೇ ಅವಕಾಶ, ಮಾತು ಕೇಳದ ಕೈ.

ಅತ್ತೆ ಎದ್ದು ಕೂತು, ತಲೆದಿಂಬಿನ ಕೆಳಗಿನಿಂದ ಬಾಚಣಿಗೆ ತೆಗೆದು ಸೊಸೆಯ ಕೈಯಲ್ಲಿಟ್ಟಳು. ಬೀದಿಯವರಿಗೆ ಗೊತ್ತಿತ್ತು, ಮುದುಕಿಯ ನೆತ್ತಿ ಹಸುಗೂಸಿನ ನೆತ್ತಿಯಷ್ಟು ಮೃದು. ಸೊಸೆ ಒಂದೇ ಒಂದು ಸಲ ಬಾಚಿದ್ದಳು. ಆ ದಿನ ಎದ್ದ ಕೂಗಿಗೆ ದರ್ಜಿಯ ಕೈಯ ಕತ್ತರಿ ಓರೆಯಾಗಿ ಯಾರದೋ ಅಂಗಿಗೆ ಒಂದು ತೋಳು ಗಿಡ್ಡವಾಗಿತ್ತು. ಅಂದಿನಿಂದ ಆ ಕೆಲಸಕ್ಕೆ ದರ್ಜಿಯ ಹೆಂಡತಿಯೇ ಬರುತ್ತಿದ್ದಳು.

"ಬಾಚು" ಎಂದಳು ಅತ್ತೆ.

"ನಾನಾ? ಅತ್ತೇ, ನಿಮಗೆ ನೋವಾಗುತ್ತೆ."

"ಆಗ್ಲಿ. ನಾನು 'ಅಯ್ಯೋ' ಅಂದ್ರೆ ನೀನು ಫೇಲು. ನಿನ್ನ ಸಿಸ್ಟರ್ ಗೊಂಬೇಲಿ ಕೆಂಪು ದೀಪ ಹತ್ತುತ್ತಂತಲ್ಲ, ನನ್ನ ಬಾಯಲ್ಲಿ ಅದಕ್ಕಿಂತ ಚೆನ್ನಾಗಿ ಹತ್ತುತ್ತೆ."

ಆ ವಾರ ಬೀದಿಯವರು ಕೇಳಿದ 'ಅಯ್ಯೋ'ಗಳನ್ನು ಯಾರು ಲೆಕ್ಕ ಇಟ್ಟಾರು! ಬೆಳಿಗ್ಗೆ ಅಯ್ಯೋ, ಸಂಜೆ ಅಯ್ಯೋ. ಇರುವ ನಾಲ್ಕು ಎಳೆ ಬಿಳಿ ಕೂದಲನ್ನು ಒಂದೇ ದಿನ ಮೂರು ಸಲ ಜಡೆ ಹಾಕಿ ಬಿಚ್ಚಿದ್ದೂ ಉಂಟು. "ನಿಧಾನ ಕಣೇ, ಕೂದಲು ಬಾಚ್ತಿದೀಯಾ, ಮೊಳೆ ಕೀಳ್ತಿದೀಯಾ?" "ಸಿಕ್ಕು ಸಿಕ್ಕ ಕಡೆ ನಿಲ್ಲು. ಎಳೀಬೇಡ, ಕಾಯಿ." ಬಾಚುವುದು ಮುಗಿದ ಮೇಲೆ ಮುದುಕಿ ಮಲಗುವಳು, ಗಾಳಿಯಕ್ಕ ಹೊದಿಕೆಯ ಮೇಲೆ ಕಣ್ಣಿಟ್ಟು, ಒಂದು ಹಳೆಯ ಟ್ಯೂಬಿನ ತುಂಡನ್ನು ಕೈಯಲ್ಲಿ ಹಿಡಿದು, ಹೊದಿಕೆ ಎದ್ದಷ್ಟೇ ಒತ್ತಿ, ಇಳಿದಾಗ ಬಿಡುವಳು. ಕಾಯುವಳು. ಕಾಯುವುದೇ ಎಲ್ಲಕ್ಕಿಂತ ಕಷ್ಟ ಎಂಬುದು ಅವಳಿಗೆ ಆಗ ತಿಳಿಯಿತು.

ಒಂದು ಮಧ್ಯಾಹ್ನ ಬಾಚುತ್ತಾ ಬಾಚುತ್ತಾ ನೋಡಿದರೆ ಕೂಗೇ ಇಲ್ಲ. ಗಾಳಿಯಕ್ಕ ಗಾಬರಿಯಾಗಿ ಮುಂದೆ ಬಗ್ಗಿ ನೋಡಿದಳು. ಅತ್ತೆ ಕೂತಲ್ಲೇ ತೂಕಡಿಸಿ ನಿದ್ದೆ ಹೋಗಿದ್ದಳು.

ಮೂರನೆಯ ಪರೀಕ್ಷೆಯ ದಿನ ಕೆಂಪು ದೀಪ ಹತ್ತಲಿಲ್ಲ. ಗೊಂಬೆಯ ಎದೆ ಮೆಲ್ಲಗೆ ಎದ್ದಿತು, ಇಳಿಯಿತು, ಎದ್ದಿತು. ತಂಡದವರೆಲ್ಲ ಚಪ್ಪಾಳೆ ತಟ್ಟಿದರು. ಗಡಿಯಾರ ಸಿಸ್ಟರ್ ಮಾತ್ರ ತಟ್ಟಲಿಲ್ಲ.

"ಗೊಂಬೆ ಪಾಸು ಮಾಡಿದೆ" ಎಂದಳು. "ಆದ್ರೆ ಗೊಂಬೆಗೆ ಹೆಂಡತಿ ಮಕ್ಕಳಿಲ್ಲ, ಸುತ್ತ ನಿಂತು ಯಾರೂ ಅಳಲ್ಲ. ಮನುಷ್ಯ ಬಿದ್ದಾಗ ನಿನ್ನ ಹೆದರಿಕೆ ಎಲ್ಲಾ ಕೈಗೆ ಇಳಿಯುತ್ತೆ. ಆಗ ಆ ಕೈ ಏನು ಮಾಡುತ್ತೆ ಅಂತ ನಾನು ನೋಡ್ಬೇಕು. ನಾಳೆಯಿಂದ ಗಾಡೀಲಿ ನಿನ್ನ ಜೊತೆ ನಾನೂ ಬರ್ತೀನಿ. ಕೆಲಸ ನಿನ್ನದಾಗುತ್ತೋ ಇಲ್ಲವೋ ಅದನ್ನ ಅಲ್ಲಿ ಹೇಳ್ತೀನಿ."

ಹಾಗೆ ಆಂಬುಲೆನ್ಸಿನಲ್ಲಿ ಮೂವರಾದರು: ಮುಂದೆ ಅದೇ ಡ್ರೈವರ್, ಹಿಂದೆ ಗಾಳಿಯಕ್ಕ, ಅವಳೆದುರಿಗೆ ಸಿಸ್ಟರ್ ಮತ್ತು ಸಿಸ್ಟರಿನ ಗಡಿಯಾರ. ಮೊದಲ ಕೆಲವು ದಿನ ಮುರಿದ ಕಾಲು, ಹೆರಿಗೆ ನೋವು, ಕೊಯ್ದುಕೊಂಡ ಬೆರಳು. ರಕ್ತ ಸೋರುವ ಕಡೆ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯುವ ಕೆಲಸದಲ್ಲಿ ಗಾಳಿಯಕ್ಕನನ್ನು ಮೀರಿಸುವವರಿಲ್ಲ. ಚೀಲ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ.

ಆಮೇಲೆ ಬಂತು ಲಾಂಡ್ರಿಯ ಕರೆ.

ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಸಾಲು ಸಾಲು ಬಿಳಿ ಚಾದರಗಳು ತೂಗಾಡುತ್ತಿದ್ದವು, ಹಬೆ ತುಂಬಿತ್ತು, ನೆಲವೆಲ್ಲ ಒದ್ದೆ. ಒಳಗೆ ನುಗ್ಗಲು ಹೊರಟ ಡ್ರೈವರನ್ನು ಗಾಳಿಯಕ್ಕ ತೋಳು ಹಿಡಿದು ನಿಲ್ಲಿಸಿದಳು.

"ಏನಾಯ್ತು ಇಲ್ಲಿ?"

"ಇಸ್ತ್ರಿ ಹಾಕೋನಿಗೆ ಕರೆಂಟ್ ಹೊಡೀತಮ್ಮಾ!" ಎಂದು ಲಾಂಡ್ರಿಯ ಮಾಲೀಕ ಕೂಗಿದ. "ಹಲಗೆ ತಗೊಂಡು ವೈರು ತಳ್ಳಿದೀವಿ."

"ಮೇನ್ ಸ್ವಿಚ್ ತೆಗೆದಿದೀರಾ?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಓಡಿದರು. ದೀಪಗಳು ಆರಿ, ಯಂತ್ರಗಳ ಸದ್ದು ನಿಂತ ಮೇಲೆ ಗಾಳಿಯಕ್ಕ ಒಳಗೆ ಹೋದಳು.

ಇಸ್ತ್ರಿಯವನನ್ನು ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಹೆಗಲು ಹಿಡಿದಿದ್ದರು. ಮೂರನೆಯವನು ಬಾಯಿಗೆ ಚೊಂಬಿನಿಂದ ನೀರು ಹೊಯ್ಯುತ್ತಿದ್ದ. ನೀರು ತುಟಿಯಿಂದ ಇಳಿದು ಅಂಗಿ ತೊಯ್ಯುತ್ತಿತ್ತು. ಗದ್ದ ಎದೆಗೆ ಅಂಟಿಕೊಂಡಿತ್ತು, ತುಟಿ ನೀಲಿಗಟ್ಟಿತ್ತು.

"ನೀರು ನಿಲ್ಲಿಸಿ. ಕೆಳಗೆ ಮಲಗಿಸಿ."

"ಮಲಗಿಸಿದ್ರೆ ಹೋಗ್ಬಿಡ್ತಾನಮ್ಮಾ! ಕೂತಿದ್ರೆ ಜೀವ ನಿಲ್ಲುತ್ತೆ" ಎಂದ ಮಾಲೀಕ.

"ಕುತ್ತಿಗೆ ಬಗ್ಗಿ ಗಂಟಲು ಮುಚ್ಚಿದೆ ಯಜಮಾನ್ರೇ, ಜೀವ ಹೇಗೆ ನಿಲ್ಲುತ್ತೆ? ಮಲಗಿಸಿ. ಬೀಳುವಾಗ ತಲೆ ಕುತ್ತಿಗೆ ಎಲ್ಲಾದ್ರೂ ತಾಗಿತಾ?"

"ಇಲ್ಲ, ಬಟ್ಟೆ ರಾಶಿ ಮೇಲೆ ಕುಸಿದ."

ಒಣಗಿದ ಚಾದರಗಳ ಮೇಲೆ ಮಲಗಿಸಿದರು. ಗಾಳಿಯಕ್ಕ ಅವನ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಬಾಯಲ್ಲಿದ್ದ ನೀರನ್ನು ಗಾಡಿಯಿಂದ ತಂದ ಹೀರುಯಂತ್ರದ ನಳಿಕೆಯಿಂದ ಹೀರಿ ತೆಗೆದಳು. ತಲೆ ಹಿಂದಕ್ಕೆ, ಗದ್ದ ಮೇಲಕ್ಕೆ. ದಾರಿ ತೆರೆಯಿತು. ಕೆನ್ನೆ ಬಗ್ಗಿಸಿದಳು. ಏನೂ ಇಲ್ಲ. ಎದೆ ಕದಲಲಿಲ್ಲ. ಕುತ್ತಿಗೆಯ ಪಕ್ಕ ಎರಡು ಬೆರಳು ಇಟ್ಟಳು. ಅಲ್ಲಿ, ಚರ್ಮದ ಅಡಿಯಲ್ಲಿ, ಸಣ್ಣಗೆ ಆದರೆ ತಪ್ಪದೆ, ಒಂದರ ಹಿಂದೊಂದು ಬಡಿತ.

"ನಾಡಿ ಇದೆ. ಉಸಿರಿಲ್ಲ" ಎಂದು ಗಟ್ಟಿಯಾಗಿ ಹೇಳಿದಳು. ಸಿಸ್ಟರ್ ಮಣಿಕಟ್ಟು ತಿರುಗಿಸಿ ಗಡಿಯಾರ ನೋಡಿದಳು.

ಚೀಲ ಪೆಟ್ಟಿಗೆಯಿಂದ ಹೊರಗೆ ಬಂತು. ಡ್ರೈವರ್ ಅದಕ್ಕೆ ಆಮ್ಲಜನಕದ ಕೊಳವೆ ಸಿಕ್ಕಿಸಿದ. ಗಾಳಿಯಕ್ಕ ಮಾಸ್ಕನ್ನು ಮುಖಕ್ಕೆ ಹೊಂದಿಸಿ, ಮೆಲ್ಲಗೆ ಒತ್ತಿದಳು. ಎದೆ ಚೂರು ಎದ್ದಿತು. ಬಿಟ್ಟಳು. ಕಾದಳು.

ಸುತ್ತ ನಿಂತವರಿಗೆ ಈ ಕಾಯುವುದು ಸಹಿಸಲಾಗಲಿಲ್ಲ.

"ಜೋರಾಗಿ ಒತ್ತಮ್ಮಾ!" ಎಂದು ಮಾಲೀಕ ಕೈ ಹಿಸುಕಿಕೊಂಡ. "ಅಷ್ಟೊಂದು ದೊಡ್ಡ ಆಳಿಗೆ ಅಷ್ಟು ಗಾಳಿ ಯಾವ ಮೂಲೆಗೆ ಸಾಕು?"

"ಯಾರಾದ್ರೂ ಗಟ್ಟಿ ಆಳನ್ನ ಕಳಿಸಬಾರದಿತ್ತಾ?" ಎಂದಳು ಚಾದರ ಮಡಚುವವಳೊಬ್ಬಳು, ಕಣ್ಣೊರೆಸಿಕೊಳ್ಳುತ್ತಾ. "ಪಾಪ, ಈಯಮ್ಮನ ಕೈಯಲ್ಲಿ ಬಲಾನೇ ಇಲ್ಲ."

ಗಾಳಿಯಕ್ಕನ ಕೈಯಲ್ಲಿ ಬಲವಿಲ್ಲವಂತೆ! ಡ್ರೈವರಿಗೆ ಕೆಮ್ಮು ಬಂತು. ಆದರೆ ಗಾಳಿಯಕ್ಕನಿಗೆ ನಗುವ ಸ್ಥಿತಿಯಿರಲಿಲ್ಲ. ಅವನ ತುಟಿ ಇನ್ನೂ ನೀಲಿ. ಸಿಸ್ಟರ್ ಹೇಳಿದ್ದು ನಿಜ, ಹೆದರಿಕೆ ನೇರ ಹೆಗಲಿಂದ ಮೊಣಕೈಗೆ, ಮೊಣಕೈಯಿಂದ ಬೆರಳಿಗೆ ಇಳಿಯಿತು. ಮುಂದಿನ ಒತ್ತು ಅವಳ ಮಾತು ಮೀರಿ ಜೋರಾಯಿತು. ಹೊಟ್ಟೆ ಉಬ್ಬಿತು, ಗಂಟಲಲ್ಲಿ ಗುಳುಗುಳು ಎಂದಿತು.

ಕೈಯನ್ನು ಅಲ್ಲೇ ತಡೆದಳು. ಮುಖವನ್ನು ಪಕ್ಕಕ್ಕೆ ಹೊರಳಿಸಿ, ಬಾಯಿ ನೋಡಿ, ಮತ್ತೆ ಹೀರಿ ತೆಗೆದಳು. ತಲೆ ಸರಿಮಾಡಿದಳು. ಮೊದಲಿಂದ ಶುರು ಮಾಡಿದಳು. ಒತ್ತು. ಎದೆ ಚೂರು ಎದ್ದಿತು. ಬಿಡು. ಜನ ಏನೇನೋ ಅನ್ನುತ್ತಿದ್ದರು. ಅವಳ ಕಣ್ಣು ಒದ್ದೆ ಅಂಗಿಯ ಗುಂಡಿಯೊಂದರ ಮೇಲೆ ನೆಟ್ಟಿತ್ತು. ಅದು ಏಳಬೇಕು, ಇಳಿಯಬೇಕು, ಆಮೇಲೆ ಇನ್ನೊಂದು. ನಡುವೆ ಡ್ರೈವರ್ ಕುತ್ತಿಗೆ ಮುಟ್ಟಿ "ನಾಡಿ ಇದೆ ಅಕ್ಕಾ" ಎಂದ. ಒತ್ತು. ಬಿಡು. ತುಟಿಯ ನೀಲಿ ಅಂಚಿನಿಂದ ತಿಳಿಯಾಗುತ್ತಾ ಬಂತು. ಮೊದಲು ಅದನ್ನು ಕಂಡವಳು ಚಾದರ ಮಡಚುವವಳು. ಅವಳ ಬಾಯಿ ಮುಚ್ಚಿತು. ಅವಳನ್ನು ನೋಡಿ ಮಿಕ್ಕವರದೂ ಮುಚ್ಚಿತು.

ಆ ನಿಶ್ಶಬ್ದದಲ್ಲಿ ಗಾಳಿಯಕ್ಕ ಇನ್ನೊಮ್ಮೆ ಒತ್ತಬೇಕೆಂದು ಬೆರಳು ಮಡಚುವಷ್ಟರಲ್ಲಿ, ಮಾಸ್ಕಿನ ಒಳಗೊಂದು ಸಣ್ಣ ಎಳೆತ. ಅವಳು ಇನ್ನೂ ಒತ್ತಿರಲೇ ಇಲ್ಲ. ಅವನೇ ಎಳೆದುಕೊಂಡಿದ್ದ. ಗುಂಡಿ ತಾನಾಗಿಯೇ ಎದ್ದಿತು.

"ಬಂತು" ಎಂದಳು. ಹೇಳಿದ್ದು ಅಷ್ಟೇ, ಆದರೆ ಲಾಂಡ್ರಿಯ ಕೊನೆಯ ಮೂಲೆಗೂ ಕೇಳಿಸಿತು.

ಅವನದು ಒಂದು ಉಸಿರು, ಅವಳದು ಒಂದು ಒತ್ತು. ಅವನವು ಎರಡು, ಅವಳದು ಒಂದು. ಕಡೆಗೆ ಎಲ್ಲವೂ ಅವನವೇ. ಕೆಮ್ಮಿದ. ಪಕ್ಕಕ್ಕೆ ಹೊರಳಿಸಿದರು. ಅಂಗೈ ಸುಟ್ಟಿದ್ದ ಕಡೆ ಗಾಳಿಯಕ್ಕ ಶುಭ್ರವಾದ ಬಟ್ಟೆ ಸುತ್ತಿದಳು. ಸ್ಟ್ರೆಚರಿನ ಮೇಲೆ ಮಲಗಿಸುವಾಗ ಅವನು ಕಣ್ಣು ಅರೆ ತೆರೆದು ಏನೋ ಗೊಣಗಿದ. ಮಾಲೀಕ ಬಗ್ಗಿ ಕಿವಿಗೊಟ್ಟ.

"ಇಸ್ತ್ರಿ ಪೆಟ್ಟಿಗೆ... ಬಟ್ಟೆ ಮೇಲೇ ಇದೆ... ಸುಟ್ಟೀತು..."

"ಸುಡ್ಲಿ ಬಿಡೋ!" ಎಂದು ಮಾಲೀಕ ಆ ಒದ್ದೆ ನೆಲದ ಮೇಲೆಯೇ ಕೂತು ಮಗುವಿನಂತೆ ಅತ್ತ. "ಇಡೀ ಲಾಂಡ್ರಿ ಸುಟ್ಟು ಹೋಗ್ಲಿ ಬಿಡೋ!"

ಅವನನ್ನು ಆಸ್ಪತ್ರೆಗೆ ಒಪ್ಪಿಸಿ ಗಾಡಿ ಹಿಂದಿರುಗಿತು. ದಾರಿಯಲ್ಲಿ ಸಿಸ್ಟರೇ ಮೊದಲು ಮಾತು ತೆಗೆದಳು.

"ನಡುವೆ ಒಂದು ಸಲ ಜೋರಾಯ್ತು."

"ಹೌದು ಸಿಸ್ಟರ್." ಗಾಳಿಯಕ್ಕ ತಲೆ ತಗ್ಗಿಸಿದಳು.

"ಬೈಯೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನೀನೇ ತಡೆದು ಸರಿ ಮಾಡ್ಕೊಂಡೆ." ಸಿಸ್ಟರ್ ಕಿಟಕಿಯ ಹೊರಗೆ ನೋಡಿದಳು. "ನಾಳೆಯಿಂದ ನಾನು ಬರಲ್ಲ."

"ಯಾಕೆ ಸಿಸ್ಟರ್? ನನ್ನ ತೆಗೆದುಬಿಟ್ರಾ?"

"ತೆಗೆಯೋದಾ? ಕೆಲಸ ನಿನ್ನದಾಯ್ತಮ್ಮಾ. ನಿನ್ನ ಕಾಯೋ ಕೆಲಸ ಮುಗೀತು, ಅದಕ್ಕೇ ಬರಲ್ಲ ಅಂದೆ."

ಮುಂದಿನಿಂದ ಡ್ರೈವರ್ ಒಂದು ಕಾರಣವೂ ಇಲ್ಲದೆ ಸೈರನ್ ಬಾರಿಸಿದ. ಸಿಸ್ಟರ್ ಬೈದಳು. ಬೈಗುಳದಲ್ಲಿ ಅಂಥ ಕಾರವೇನೂ ಇರಲಿಲ್ಲ.

ಸುದ್ದಿ ಕೇಳಿ ಅತ್ತೆ, "ಯಾರು ಕಲಿಸಿದ್ದು ಅಂತ ಹೇಳಿದೆಯಾ ಅವರಿಗೆ?" ಎಂದು ಕೇಳಿದಳಂತೆ. ಸೊಸೆ ಹೇಳಿಲ್ಲವೆಂದು ತಿಳಿದ ಮೇಲೆ ಮುದುಕಿಯೇ ಬಾಗಿಲಲ್ಲಿ ಕೂತು ಹೋಗಿ ಬರುವವರಿಗೆಲ್ಲ ಹೇಳಿದಳು. ಗುಣವಾದ ಇಸ್ತ್ರಿಯವನು ಒಂದು ದಿನ ವಿಳಾಸ ಹುಡುಕಿಕೊಂಡು ಬಂದು, ಗಾಳಿಯಕ್ಕನ ಸಮವಸ್ತ್ರವನ್ನು ಕೇಳಿ ತೆಗೆದುಕೊಂಡು ಹೋದ. ಮರುದಿನ ತಂದು ಕೊಟ್ಟಾಗ ಅದರ ಇಸ್ತ್ರಿ ಗೆರೆ ಹೇಗಿತ್ತೆಂದರೆ, ದರ್ಜಿ ಬೆರಳಿನಿಂದ ಸವರಿ ನೋಡಿ, "ತರಕಾರಿ ಹೆಚ್ಚಬಹುದು ಇದ್ರಲ್ಲಿ" ಎಂದ. ಅಂದಿನಿಂದ ಆ ಸಮವಸ್ತ್ರಕ್ಕೆ ಬೇರೆಯವರ ಇಸ್ತ್ರಿ ತಾಗಲು ಅವನು ಬಿಡಲಿಲ್ಲ.

ವರ್ಷಗಳು ಓಡಿದವು. ಎಲ್ಲರೂ ಉಳಿಯಲಿಲ್ಲ. ಎಷ್ಟೋ ಮನೆಗಳಿಂದ ಗಾಳಿಯಕ್ಕ ತಲೆ ತಗ್ಗಿಸಿ ಹೊರಗೆ ಬಂದದ್ದುಂಟು. ಆದರೆ ಉಸಿರಾಡುತ್ತಾ ಬೀದಿಯಲ್ಲಿ ನಡೆದಾಡುವ ಜನರಲ್ಲಿ ಅವಳ ಕೈ ಹಾಯ್ದವರೂ ಅಲ್ಲಲ್ಲಿ ಸಿಗುತ್ತಿದ್ದರು. ಅವಳಿಗೆ ಅವರ ಗುರುತು ಹತ್ತುತ್ತಿರಲಿಲ್ಲ. ಮಲಗಿದ ಮುಖಗಳನ್ನು ನೋಡಿದವಳಿಗೆ ನಿಂತ ಮುಖಗಳು ಹೇಗೆ ಗೊತ್ತಾಗಬೇಕು? ಅವರೇ ಬಂದು ಹೇಳಬೇಕಾಗುತ್ತಿತ್ತು.

ತರಬೇತಿ ಕೇಂದ್ರದಲ್ಲಿ ಬಲದ ಕೈಯವರು ಬಂದಾಗಲೆಲ್ಲ, ಗಾರೆ ಕೆಲಸ ಮಾಡಿದವರು, ಮೂಟೆ ಹೊತ್ತವರು, ಸಿಸ್ಟರ್ ಅವರನ್ನು ಗಾಳಿಯಕ್ಕನ ಹತ್ತಿರ ಕಳಿಸುತ್ತಿದ್ದಳು. "ನಂಗೆ ಮೆಲ್ಲಗೆ ಅಂತ ಹೇಳೋಕೆ ಬರುತ್ತೆ, ಮೆಲ್ಲಗೆ ಆಗೋದು ಹೇಗೆ ಅಂತ ಅವಳಿಗೇ ಗೊತ್ತು" ಎನ್ನುತ್ತಿದ್ದಳು. ಸಿಸ್ಟರ್ ವಯಸ್ಸಾಗಿ ಕೆಲಸ ಬಿಟ್ಟ ದಿನ ಆ ಉದ್ದನೆಯ ಹಾಲನ್ನು ಗಾಳಿಯಕ್ಕನಿಗೆ ಒಪ್ಪಿಸಿದರು. ಜೊತೆಗೆ ಅದೇ ಕಾಂಪೌಂಡಿನಲ್ಲಿ, ನೆಲಮಹಡಿಯಲ್ಲೇ, ಎರಡು ಕೋಣೆಯ ಮನೆ.

ಹಳೆಯ ಮನೆ ಬಿಟ್ಟು ಹೊರಡುವ ದಿನ ಬೆಳಿಗ್ಗೆ ಸಾಮಾನೆಲ್ಲ ವ್ಯಾನಿಗೆ ಏರಿತ್ತು. ದರ್ಜಿಯ ಹೆಂಡತಿ ಅಳುತ್ತಿದ್ದಳು. ದರ್ಜಿ ಅಳುತ್ತಿಲ್ಲವೆಂದು ತೋರಿಸಲು ಹಗ್ಗವನ್ನು ಮತ್ತೆ ಮತ್ತೆ ಬಿಗಿಯುತ್ತಿದ್ದ. ಅತ್ತೆ ಮುಂದಿನ ಸೀಟಿನಲ್ಲಿ, ವ್ಯಾನಿನ ಡ್ರೈವರನ ಪಕ್ಕ, ಆಗಲೇ ಕೂತು ದಾರಿ ಹೇಳಲು ಶುರು ಮಾಡಿದ್ದಳು. ಗಾಳಿಯಕ್ಕ ಖಾಲಿ ಕೋಣೆಯನ್ನು ಗುಡಿಸಿ, ಪೊರಕೆಯನ್ನು ಬಾಗಿಲ ಹಿಂದೆ ಒರಗಿಸದೆ ಜೊತೆಗೇ ತಂದಳು. ಸೆರಗಿನ ಬದಲು ಸಮವಸ್ತ್ರದ ತೋಳಿನಿಂದ ಹಣೆ ಒರೆಸಿಕೊಂಡಳು.

"ಇನ್ನೂ ಏನು ಮಾಡ್ತಿದೀಯೇ ಒಳಗೆ?" ಎಂದು ಅತ್ತೆ ವ್ಯಾನಿನಿಂದ ಕೂಗಿದಳು. "ಹೊಸ ತಂಡದ ಮೊದಲ ಪಾಠ ಇವತ್ತು! ಮೇಷ್ಟ್ರೇ ತಡವಾಗಿ ಹೋದ್ರೆ ಕಲಿಯೋರ ಗತಿ ಏನು?"

"ಬಂದೆ ಅತ್ತೇ, ಬಂದೆ."

ಗಾಳಿಯಕ್ಕ ಹೊಸ್ತಿಲು ದಾಟಿ ಬಾಗಿಲು ಎಳೆದುಕೊಂಡಳು, ಬೀಗದ ಕೈಯನ್ನು ಹೊರಗೆ ಕಾಯುತ್ತಿದ್ದ ಮನೆ ಮಾಲೀಕನಿಗೆ ಕೊಟ್ಟಳು, ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಿರಬಿರನೆ ಮೆಟ್ಟಿಲಿಳಿದು ವ್ಯಾನು ಹತ್ತಿದಳು.